ಹುಣಸೆಮರದ ಕೆಳಗೆ ನಿಂತು ಕೂಗಿದ್ದು

ಸೊಣ್ಣೇಗೌಡನ ಮೇಲೆ ನನಗೆ ಈಗಲೂ ಸಿಟ್ಟಿದೆ. ಗೊಬ್ಬರದ ಅಂಗಡಿ ಇಟ್ಟಿರುವ ಮನುಷ್ಯ. ದಿನಾ ನನ್ನ ಹೋಟೆಲಿಗೆ ಬರುತ್ತಾನೆ, ಟಿ.ವಿ. ಎದುರಿನ ಬೆಂಚಿನಲ್ಲಿ ಕೂರುತ್ತಾನೆ, ಸಕ್ಕರೆ ಕಮ್ಮಿ ಹಾಕು ಅನ್ನುತ್ತಾನೆ, ನಾನೂ ಕಮ್ಮಿ ಹಾಕಿ ಕೊಡುತ್ತೇನೆ. ಆದರೆ ಒಂದು ದಿನ ಹುಣಸೆಮರದ ಹತ್ತಿರ ನಿಂತು ಅವನು ಆಡಿದ ಒಂದು ಮಾತಿಗೆ ನಾನು ಕೊಡಬೇಕಾಗಿದ್ದ ಉತ್ತರ ಇನ್ನೂ ನನ್ನ ಗಂಟಲಲ್ಲೇ ಕೂತಿದೆ. ಮಾತು ಹೊಳೆಯದೆ ಸುಮ್ಮನಾದವನಲ್ಲ ನಾನು. ನಮ್ಮ ಗೇಟಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಅಂಜಿನಪ್ಪ ಬಾಯಿ ಮುಚ್ಚಿಕೊಂಡಿದ್ದ ಅಂದರೆ ನಂಬುವುದಿಲ್ಲ. ಆವತ್ತು ನನ್ನ ಹೆಗಲ ಮೇಲೆ ಮುನಿಕೃಷ್ಣಪ್ಪನ ಟವೆಲ್ ಇತ್ತು. ಅದು ಹೆಗಲ ಮೇಲಿರುವ ತನಕ ಬೇರೆ ಮಾತಾಡುವ ಹಾಗಿಲ್ಲ.

ಮುನಿಕೃಷ್ಣಪ್ಪ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಮುಳಬಾಗಿಲಿನಿಂದ ಆಂಧ್ರದ ಕಡೆ ಹೋಗುವ ಹೆದ್ದಾರಿಯಲ್ಲಿ ನಮ್ಮೂರ ಗೇಟು, ಅಂದರೆ ಊರಿಗೆ ತಿರುಗುವ ಬಸ್ ಸ್ಟಾಪು. ಗೇಟಿನಿಂದ ಕೂಗಳತೆ ದೂರದಲ್ಲಿ ರಸ್ತೆಗೆ ಅಂಟಿಕೊಂಡ ಹಾಗೆ ಒಂದು ಹುಣಸೆ ತೋಪು. ನಮ್ಮ ತಾತನ ಕಾಲಕ್ಕೂ ಅವು ದೊಡ್ಡ ಮರಗಳೇ. ಸಂಕ್ರಾಂತಿ ಕಳೆದು ಕಾಯಿ ಒಣಗಿ ಗಲಗಲ ಅನ್ನುವ ಹೊತ್ತಿಗೆ ಮುನಿಕೃಷ್ಣಪ್ಪ ಆ ಮರಗಳನ್ನು ಹತ್ತುತ್ತಿದ್ದ. ಯುಗಾದಿ ಹೊತ್ತಿಗೆ ಇಳಿಯುತ್ತಿದ್ದ. ನಡುವೆ ದಿನಾ ಇಳಿಯುತ್ತಿದ್ದ ನಿಜ, ಆದರೆ ಊರಿನವರು ಹೇಳುವುದು ಹಾಗೇ. ಹಗ್ಗ ಇಲ್ಲ, ಏಣಿ ಇಲ್ಲ. ಉದ್ದನೆಯ ಬಿದಿರು ದೋಟಿಯೊಂದು ಕೈಯಲ್ಲಿ. ಕೊಂಬೆಯ ತುದಿ ತನಕ ಬರಿಗಾಲಲ್ಲಿ ನಡೆದುಹೋಗಿ, ಮೇಲಿನ ಕೊಂಬೆಯನ್ನು ಒಂದು ಕೈಯಲ್ಲಿ ಹಿಡಿದು, ನಿಂತ ಕೊಂಬೆಯನ್ನು ಕಾಲಲ್ಲೇ ಕುಣಿಸುತ್ತಿದ್ದ. ಕಾಯಿ ಮಳೆ ಸುರಿದ ಹಾಗೆ ಉದುರುತ್ತಿತ್ತು. ಕಾಲಿಗೆ ಸಿಗದ ಕಡೆಗೆ ದೋಟಿ.

ಅವನ ಅಪ್ಪನದೂ ಇದೇ ಕೆಲಸ. ಸ್ಕೂಲಿಗೆ ಹೋಗಿದ್ದು ನನ್ನಷ್ಟೂ ಇಲ್ಲ. ಮಳೆಗಾಲದಲ್ಲಿ ಕೂಲಿ, ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಕಡೆ ತೋಟಗಳಲ್ಲಿ ಕಾಯಿ ಕೀಳುವುದು, ಮಿಕ್ಕಂತೆ ಒಂದು ಸೀಮೆಹಸು. ಹೆಂಡತಿ ಅಕ್ಕಯಮ್ಮ, ಒಬ್ಬಳೇ ಮಗಳು. ಮನುಷ್ಯ ತೆಳ್ಳಗೆ, ಮಾತು ಕಮ್ಮಿ. ನನ್ನ ಹೋಟೆಲಿನಲ್ಲಿ ಹಿಂದಿನ ಗೋಡೆಗೆ ಒರಗಿ ಕೂತು, ಬೋಂಡಾವನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದ. ಬೋಂಡಾವನ್ನು ಟೀಯಲ್ಲಿ ಅದ್ದುವವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಷ್ಟು ಸಲ ಬೈದಿದ್ದೇನೋ.

ಮರ ಹತ್ತುವ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹತ್ತುವವನು ಒಬ್ಬನೇ ಹತ್ತುವುದಿಲ್ಲ. ಕೆಳಗೆ ಒಬ್ಬರು ನಿಂತು ಕೂಗಬೇಕು. ಮೇಲಿರುವವನಿಗೆ ತಾನು ನಿಂತ ಕೊಂಬೆಯ ಮೇಲ್ಮೈ ಮಾತ್ರ ಕಾಣುತ್ತದೆ, ಅದರ ಹೊಟ್ಟೆ ಕಾಣುವುದಿಲ್ಲ. ಬಿರುಕು ಬಿಡುವುದು ಯಾವಾಗಲೂ ಹೊಟ್ಟೆಯಲ್ಲಿ, ಕಣಜ ಗೂಡು ಕಟ್ಟುವುದೂ ಅಲ್ಲೇ. ಅದನ್ನು ಕೆಳಗಿನವರು ನೋಡಿ ಹೇಳಬೇಕು. ಮಾತು ಮೂರೇ. ‘ಆಡು’ ಅಂದರೆ ಕೊಂಬೆ ಗಟ್ಟಿ ಇದೆ, ಕುಣಿಸು. ‘ನಿಲ್ಲು’ ಅಂದರೆ ಅಲುಗಾಡಬೇಡ. ‘ಬಾ’ ಅಂದರೆ ಬುಡದ ಕಡೆ ಹಿಂದಕ್ಕೆ ಬಾ. ಮೂರನ್ನೂ ಒಂದೇ ದನಿಯಲ್ಲಿ ಕೂಗಬೇಕು. ಗಾಬರಿಯ ದನಿ ಕೇಳಿದರೆ ಮೇಲಿನವನ ಕಾಲು ನಡುಗುತ್ತದೆ.

ಇನ್ನೊಂದಿದೆ. ಹತ್ತಿದವನ ಹೆಸರು ಕರೆಯಬಾರದು. ಹುಣಸೆಮರದಲ್ಲಿರುವ ದೆವ್ವ ಹೆಸರು ಹಿಡಿದು ಕರೆಯುತ್ತದೆ, ತಿರುಗಿ ನೋಡಿದವನು ಕೆಟ್ಟ ಅನ್ನುತ್ತಾರೆ. ದೆವ್ವದ ವಿಷಯ ನನಗೆ ಗೊತ್ತಿಲ್ಲ. ಹೆಸರು ಕೇಳಿದರೆ ಯಾರಾದರೂ ತಿರುಗಿ ನೋಡುತ್ತಾರೆ, ಅಷ್ಟು ಗೊತ್ತು. ಅದಕ್ಕೇ ನಮ್ಮ ಕಡೆ ಹೆಂಡತಿಯೇ ಕೂಗುವುದು. ಗಂಡನ ಹೆಸರು ಅವಳ ಬಾಯಿಗೆ ಹೇಗಿದ್ದರೂ ಬರುವುದಿಲ್ಲವಲ್ಲ.

ಹತ್ತುವ ಮುಂಚೆ ಅವನು ತನ್ನ ಟವೆಲನ್ನು ಕೂಗುವವರ ಹೆಗಲಿಗೆ ಹಾಕುತ್ತಾನೆ. ಇಳಿದ ಮೇಲೆ ತಾನೇ ತೆಗೆದುಕೊಳ್ಳುತ್ತಾನೆ. ಆ ನಡುವೆ ಕೂಗುವವರು ಕೂರಬಾರದು, ನೀರು ಕುಡಿಯಬಾರದು, ಆ ಮೂರು ಮಾತು ಬಿಟ್ಟು ಬೇರೆ ಆಡಬಾರದು. ಇದಕ್ಕೆ ಕೂಲಿ ಅಂತ ಇಲ್ಲ, ಮನೆಯವರಾದರೆ ಲೆಕ್ಕವೂ ಇಲ್ಲ. ಹೊರಗಿನವರು ನಿಂತರೆ ಮಾತ್ರ ಹೊಲದ ಮುಯ್ಯಾಳಿನ ಹಾಗೆ, ಇವತ್ತು ನೀನು ನನ್ನ ಕೆಳಗೆ ನಿಂತರೆ ಒಂದು ದಿನ ನಾನು ನಿನ್ನ ಕೆಳಗೆ ನಿಲ್ಲಬೇಕು.

ಮುನಿಕೃಷ್ಣಪ್ಪನಿಗೆ ಹತ್ತಾರು ವರ್ಷ ಅಕ್ಕಯಮ್ಮ ಕೂಗಿದಳು. ತೊಂಬತ್ತರ ದಶಕದ ಕೊನೆಯಲ್ಲಿ ಆಯಮ್ಮ ತೀರಿಕೊಂಡ ಮೇಲೆ ತಂಗಿ ಚಿಕ್ಕಗಂಗಮ್ಮ ಕೂಗಿದಳು. ಗಂಡ ಸತ್ತು ಅಣ್ಣನ ಮನೆಗೆ ವಾಪಸ್ಸು ಬಂದಿದ್ದವಳು. ನಾವು ಅವಳನ್ನು ಗಂಗಕ್ಕ ಅನ್ನುತ್ತಿದ್ದೆವು. ಆ ದನಿ ಹೆದ್ದಾರಿ ದಾಟಿ ನನ್ನ ಹೋಟೆಲಿಗೆ ಕೇಳುತ್ತಿತ್ತು. ಅವಳ ‘ಆಡು’ ಕೇಳುತ್ತಾ ನಾನು ಹಿಟ್ಟು ಕಲಸಿದ್ದೇನೆ.

ನಾನು ಹೋಟೆಲಿಗೆ ಕಲರ್ ಟಿ.ವಿ. ತಂದದ್ದು ಎರಡು ಸಾವಿರದ ಒಂಬತ್ತರಲ್ಲಿ. ಕೇಬಲ್ ಕೊಟ್ಟವನು ಮುಳಬಾಗಿಲಿನ ಪೀರ್ ಸಾಬ್ ಮಗ ಫರ್ಹಾದ್. ವೈರು ಎಳೆದು ಸುಮ್ಮನೆ ಹೋಗುವವನಲ್ಲ, ಟೀ ಕುಡಿದು, ತನಗೆ ಬೇಕಾದ ಚಾನೆಲ್ ಹಾಕಿಕೊಂಡು ಕೂರುವವನು. ಹಾಗೆ ನಮ್ಮ ಗೇಟಿಗೆ ಆ ಇಂಗ್ಲಿಷ್ ಕಾರ್ಯಕ್ರಮಗಳು ಬಂದವು. ಒಂದರಲ್ಲಿ ಹಿಮ ಬೀಳುವ ಸಮುದ್ರದಲ್ಲಿ ಏಡಿ ಹಿಡಿಯುವವರು. ಒಂದರಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿ ಓಡಿಸುವವರು. ಇನ್ನೊಂದರಲ್ಲಿ ಆಕಾಶಕ್ಕೆ ಮುಟ್ಟುವ ಮರಗಳನ್ನು ಕಡಿಯುವವರು. ಎಲ್ಲ ನಿಜವಾದ ಕೆಲಸಗಾರರಂತೆ, ನಾಟಕದವರಲ್ಲವಂತೆ. ಇಂಗ್ಲಿಷು ಯಾರಿಗೂ ಬರುತ್ತಿರಲಿಲ್ಲ. ಫರ್ಹಾದನಿಗೂ ಬರುತ್ತಿರಲಿಲ್ಲ, ಆದರೆ ಅವನು ಹೇಳುತ್ತಿದ್ದ.

“ಏನಂತಾವ್ನೆ ಗಡ್ಡದೋನು?” ಅಂತ ಒಬ್ಬರು ಕೇಳಿದರೆ, “ಇವತ್ತು ಸಮುದ್ರಕ್ಕೆ ಹೋಗ್ಬೇಡ ಅಂದ್ಳಂತೆ ಹೆಂಡ್ತಿ. ಇವ್ನು ಕೇಳ್ಲಿಲ್ವಂತೆ” ಅನ್ನುತ್ತಿದ್ದ.

“ನಿನ್ನೇನೂ ಅದನ್ನೇ ಅಂದಲ್ಲೋ.”

“ಅವ್ಳು ದಿನಾ ಹೇಳ್ತಾಳೆ ಕಣಣ್ಣ.”

ಸಂಜೆ ಆದರೆ ಬೆಂಚು ತುಂಬುತ್ತಿತ್ತು. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಅದೆಲ್ಲ ಸುಳ್ಳು, ಕೆಳಗೆ ಬಲೆ ಕಟ್ಟಿರ್ತಾರೆ ಅಂತ ಒಬ್ಬ. ಆ ಕ್ಯಾಮೆರಾ ಹಿಡಿದವನು ಎಲ್ಲಿ ನಿಂತಿದ್ದಾನೆ, ನಿಜವಾದ ಗಂಡು ಅವನು ಅಂತ ಇನ್ನೊಬ್ಬ. ಹೂವು ಮಾರುವ ಭಾರತಮ್ಮ ಒಳಗೆ ಬರದೆ ಬಾಗಿಲಲ್ಲೇ ನಿಂತು ನೋಡಿ, “ಇವ್ರ ತಾಯಂದಿರು ಇದನ್ನ ನೋಡ್ತಾರೇನಪ್ಪ?” ಅಂದಳು. ಸೊಣ್ಣೇಗೌಡನದು ಮಾತ್ರ ದಿನಾ ಒಂದೇ ಮಾತು: “ನಮ್ಮೋರ ಕೈಲಿ ಇವೆಲ್ಲ ಆಗಲ್ಲ ಬಿಡ್ರಪ್ಪ.” ಹಿಂದಿನ ಗೋಡೆಗೆ ಒರಗಿ ಮುನಿಕೃಷ್ಣಪ್ಪ ಬೋಂಡಾ ಅದ್ದುತ್ತಾ ಕೂತಿರುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅವನಿಗೇನೂ ಅನ್ನಿಸಿದ ಹಾಗೆ ಕಾಣುತ್ತಿರಲಿಲ್ಲ. ಅವನೂ ಆಸೆಯಿಂದ ನೋಡುತ್ತಿದ್ದ. ಮರ ಕಡಿಯುವವರದು ಬಂದಾಗ ಮಾತ್ರ ಒಂದೇ ಪ್ರಶ್ನೆ.

“ಫರ್ಹಾದ್, ಕೆಳಗೆ ಯಾರಪ್ಪ ನಿಂತವ್ರೆ ಅವ್ನಿಗೆ?”

“ಕೆಳಗಿಂದು ತೋರ್ಸಲ್ಲ ಕಣಣ್ಣ.”

“ಇದ್ದಾರು ಬಿಡು,” ಅಂದು ಮತ್ತೆ ಬೋಂಡಾ ಅದ್ದುತ್ತಿದ್ದ.

ಮರುವರ್ಷ ದೀಪಾವಳಿ ಕಳೆದ ಮೇಲೆ ಗಂಗಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೋಲಾರದಲ್ಲಿ ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಇಲ್ಲ ಅಂದರು, ತೊಂದರೆ ಆಗಲೂ ಇಲ್ಲ. ಆದರೆ ದನಿ ಹೋಯಿತು. ಅವಳು ಮಾತಾಡಿದರೆ ಒಣಗಿದ ಎಲೆ ಸರಿದ ಹಾಗೆ ಕೇಳುತ್ತಿತ್ತು, ಅದೂ ಕಿವಿ ಹತ್ತಿರ ತಂದರೆ.

ಸಂಕ್ರಾಂತಿ ಬಂತು. ಕಾಯಿ ಗಲಗಲ ಅನ್ನತೊಡಗಿತು. ಮುನಿಕೃಷ್ಣಪ್ಪ ಹತ್ತಲಿಲ್ಲ. ತೋಪು ಹಿಡಿದಿದ್ದ ಕಂಟ್ರಾಕ್ಟರು ಹೋಟೆಲಿಗೇ ಬಂದು, “ನೀನು ಹತ್ತದಿದ್ರೆ ಪಲಮನೇರಿಂದ ಆಳು ಕರಸ್ತೀನಿ, ಆಮೇಲೆ ತೋಪು ಅವ್ರದೇ ಆಗೋಗ್ತದೆ ನೋಡು” ಅಂದು ಹೋದ. ಮುನಿಕೃಷ್ಣಪ್ಪ ಗೋಡೆಗೆ ಒರಗಿಕೊಂಡೇ ಇದ್ದ. ಬೋಂಡಾ ಕೈಯಲ್ಲೇ ಇತ್ತು.

“ಹತ್ತೋಕೇನಣ್ಣ? ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊ” ಅಂದೆ.

“ಯಾರನ್ನ? ಎಲ್ರೂ ನನ್ನ ನೋಡ್ತಾರೆ ಅಂಜಿನಪ್ಪ. ಕೊಂಬೆ ನೋಡೋರು ಬೇಕು.” ಬೋಂಡಾವನ್ನು ತಟ್ಟೆಗೆ ಹಾಕಿ ಅಂದ: “ಅಪ್ಪ ಹತ್ತಿದ ಮರಗಳು. ಬೇರೆಯೋರು ಹತ್ತೋದನ್ನ ಇಲ್ಲೇ ಕೂತ್ಕೊಂಡು ಟಿ.ವಿ. ನೋಡ್ದಂಗೆ ನೋಡ್ಬೇಕು ನಾನು.”

ಆಗ ಅಣ್ಣನ ಜೊತೆ ಬಂದಿದ್ದ ಗಂಗಕ್ಕ ನನ್ನ ತೋಳು ಹಿಡಿದು ಎಳೆದಳು. ಕಿವಿ ಬಗ್ಗಿಸಿದೆ. “ನೀನೇ ನಿಲ್ಲು. ಈ ಗೇಟ್ನಾಗೆ ನನ್ನಷ್ಟು ಬಾಯಿರೋನು ನೀನೊಬ್ನೇ” ಅಂದಳು.

ಒಲೆಯ ಹತ್ತಿರ ನಿಂತಿದ್ದ ನನ್ನ ಹೆಂಡತಿ ಆದಿಲಕ್ಷ್ಮಮ್ಮ ನಕ್ಕಳು. “ಇವ್ರಾ? ಇವ್ರು ಒಂದೇ ದನೀಲಿ ಮೂರು ಮಾತಾಡಿದ್ದು ನಾನು ಮದ್ವೆ ಆದಾಗಿಂದ ಕೇಳಿಲ್ಲ.”

ಆ ನಗೆಗೇ ನಾನು ಒಪ್ಪಿಕೊಂಡೆ.

ಗಂಗಕ್ಕ ನನಗೆ ಪಾಠ ಮಾಡಿದ್ದು ಹೋಟೆಲಿನ ಒಳಗೇ. ಒಲೆಯ ಮೇಲೆ ಹಾಲಿಟ್ಟು, ಕೈಯಲ್ಲಿ ಹುಣಸೆಯ ತೆಳು ಕಡ್ಡಿಯ ಬರಲೊಂದನ್ನು ಹಿಡಿದು ನನ್ನ ಪಕ್ಕ ನಿಲ್ಲುವಳು. ಹಾಲು ಉಕ್ಕಿ ಬರುವಾಗ ನಾನು ಅದಕ್ಕೆ ‘ನಿಲ್ಲು’ ಅನ್ನಬೇಕು. ಅರಚಬಾರದು, ಓಡಬಾರದು. ಉಕ್ಕಿ ಒಲೆಗೆ ಬಿದ್ದರೂ ಅದೇ ದನಿ. ಹಾಲು ಚೆಲ್ಲಿದರೆ ನನ್ನ ಹೊಟ್ಟೆ ಉರಿಯುವುದಿಲ್ಲವೇ? ದನಿ ಏರಿತು ಅಂದರೆ ಮೀನಖಂಡಕ್ಕೆ ಬರಲಿನ ಏಟು. ಒಂದು ಸಲ ಮುನಿಕೃಷ್ಣಪ್ಪ ಒಳಗೆ ಬಂದಾಗ ಬಾಯಿ ತಪ್ಪಿ “ಮುನಿಕೃಷ್ಣಣ್ಣ, ನಿಲ್ಲು” ಅಂದುಬಿಟ್ಟೆ. ಎರಡು ಏಟು ಬಿತ್ತು.

“ನಿಂತೀನಿ ಕಣಮ್ಮ, ಅವ್ನನ್ನ ಬಿಡು” ಅಂದ ಮುನಿಕೃಷ್ಣಪ್ಪ.

ಎಷ್ಟೋ ಹಾಲು ಹಾಳಾಯಿತು. ಆಮೇಲೆ ಒಂದು ದಿನ ಉಕ್ಕಿ, ಚೆಲ್ಲಿ, ಒಲೆ ಆರಿದರೂ ನನ್ನ ದನಿ ಅಲ್ಲಾಡಲಿಲ್ಲ. ಗಂಗಕ್ಕ ಬರಲನ್ನು ಒಲೆಗೆ ಹಾಕಿದಳು.

ಮೊದಲ ದಿನ ಟವೆಲ್ ಹೆಗಲಿಗೆ ಬಿದ್ದಾಗ ನನಗೆ ಅದರ ತೂಕವೇ ಬೇರೆ ಅನ್ನಿಸಿತು. ಬೆವರು, ಬೀಡಿ, ಹುಣಸೆ ಧೂಳಿನ ವಾಸನೆ. ಅವನು ಹತ್ತಿದ. ನಾನು ಅವನನ್ನು ನೋಡಬಾರದು ಅಂತ ಮನಸ್ಸಿಗೆ ಹೇಳಿಕೊಂಡು ಕೊಂಬೆಯ ಹೊಟ್ಟೆಗೆ ಕಣ್ಣು ಹಾಕಿದೆ. ‘ಆಡು’ ಅಂದೆ. ಕಾಯಿ ಸುರಿಯಿತು. ಆಯುವ ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡರು. ಗಂಗಕ್ಕ ನನ್ನ ಹಿಂದೆ ನಿಂತು ತಾನೂ ಮೇಲೆ ನೋಡುತ್ತಿದ್ದಳು. ಹಾಗೇ ದಿನ ಕಳೆದವು. ಬೆಳಿಗ್ಗೆ ಹೋಟೆಲನ್ನು ಆದಿಲಕ್ಷ್ಮಮ್ಮ ನೋಡಿಕೊಂಡಳು. ಗಿರಾಕಿಗಳೆಲ್ಲ ಈಗ ನಿಮ್ಮ ಹೋಟೆಲಿನಲ್ಲಿ ನೆಮ್ಮದಿ ಇದೆ ಅಂದರಂತೆ.

ಸುದ್ದಿ ಹರಡಿತು. ಅಂಜಿನಪ್ಪ ಬಯ್ಯದೆ ನಿಂತಿದ್ದಾನೆ, ನೋಡೋಣ ಬನ್ನಿ ಅಂತ ಸಂಜೆ ಟಿ.ವಿ. ನೋಡುವ ಬೆಂಚೇ ಒಂದು ಬೆಳಿಗ್ಗೆ ಎದ್ದು ತೋಪಿಗೆ ಬಂತು. ಆವತ್ತು ಜೋಡಿಮರದ ಸರದಿ. ಒಂದೇ ಬುಡದಿಂದ ಎರಡಾಗಿ ಎದ್ದ, ತೋಪಿನಲ್ಲೇ ಎತ್ತರದ ಮರ. ಫರ್ಹಾದ್ ತನ್ನ ಹೊಸ ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಿದ್ದ. ಸೊಣ್ಣೇಗೌಡ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ನನ್ನ ಪಕ್ಕಕ್ಕೇ ಬಂದು ನಿಂತ. ಅವನಿಗೆ ನಾನು ಮಾತಾಡುವುದಿಲ್ಲ ಅಂತ ಗೊತ್ತಿತ್ತು.

“ಅಂಜಿನಪ್ಪ, ನಿನ್ನ ಹೋಟ್ಲಲ್ಲಿ ಟೀ ತಣ್ಣಗಿರ್ತದೆ ಕಣೋ” ಅಂದ. ಸುಮ್ಮನಿದ್ದೆ. “ಬೋಂಡಾಕ್ಕೆ ಹಳೇ ಎಣ್ಣೆ ಹಾಕ್ತಾನೆ ಇವ್ನು” ಅಂತ ಹಿಂದಿನವರಿಗೆ ಹೇಳಿದ. ಎಲ್ಲರೂ ನಕ್ಕರು. ಸುಮ್ಮನಿದ್ದೆ. ಇವೆಲ್ಲ ಇಟ್ಟುಕೊಂಡು ಆಮೇಲೆ ತೀರಿಸಿದೆ, ಅದು ಬೇರೆ.

ಮುನಿಕೃಷ್ಣಪ್ಪ ಪಡುವಲ ಕಡೆಯ ಉದ್ದನೆ ಕೊಂಬೆಯ ಮೇಲಿದ್ದ. ‘ಆಡು’ ಅಂದೆ. ಕುಣಿಸಿದ. ಕಾಯಿ ಉದುರಿತು. ಇನ್ನೂ ತುದಿಗೆ ಹೋದ. ಆಗ ಸೊಣ್ಣೇಗೌಡ ಕಡಲೆಕಾಯಿ ಸಿಪ್ಪೆ ಉಗಿದು ಆ ಮಾತು ಆಡಿದ.

“ಟಿ.ವಿ.ನಲ್ಲಿ ಬರೋ ಹಂಗಿದ್ರೆ ಇವ್ನು ಒಂದ್ಸಲನಾದ್ರೂ ಜಾರ್ಬೇಕು ಕಣ್ರಪ್ಪ. ಇಲ್ದಿದ್ರೆ ನೋಡೋರ್ಯಾರು?”

ಬಾಯಿಗೆ ಬಂದದ್ದು ತುಟಿಯ ತನಕ ಬಂತು. ಅವನ ಕಡೆ ತಿರುಗಿಬಿಡುತ್ತಿದ್ದೆ. ಅದೇ ಹೊತ್ತಿಗೆ ಕೊಂಬೆಯ ಹೊಟ್ಟೆಯಲ್ಲಿ ತೊಗಟೆ ಬಾಯಿ ತೆರೆದದ್ದು ಕಂಡಿತು. ಕರಿ ತೊಗಟೆಯ ನಡುವೆ ಒಂದು ಬಿಳಿ ಗೀಟು. ಗೀಟು ಅಗಲವಾಯಿತು, ಮುಚ್ಚಿತು, ಮತ್ತೆ ಅಗಲವಾಯಿತು. ಮೇಲೆ ಮುನಿಕೃಷ್ಣಪ್ಪ ಇನ್ನೊಂದು ಸಲ ಕುಣಿಸಲು ಮಂಡಿ ಮಡಿಸುತ್ತಿದ್ದ.

ಆ ಸಿಟ್ಟಿನ ದನಿಯಲ್ಲಿ ಕೂಗಿದ್ದರೆ ಅವನು ಬೆಚ್ಚಿಬೀಳುತ್ತಿದ್ದ. ಹೆಸರು ಹಿಡಿದಿದ್ದರೆ ತಿರುಗುತ್ತಿದ್ದ. ಒಲೆಯ ಮೇಲಿನ ಹಾಲು ಕಣ್ಣಿಗೆ ಬಂತು. “ನಿಲ್ಲು” ಅಂದೆ. ಅವನು ಮಂಡಿ ಮಡಿಸಿದ ಹಾಗೇ ನಿಂತ. ಗೀಟು ಮುಚ್ಚಿಕೊಳ್ಳುವ ತನಕ ಕಾದು, “ಬಾ” ಅಂದೆ. ಒಂದು ಹೆಜ್ಜೆ ಬಂದ. “ನಿಲ್ಲು.” “ಬಾ.” ಹಾಗೇ ಬುಡದ ತನಕ ಕರೆದುಕೊಂಡು ಬಂದೆ. ಅವನ ಕೈ ಬೊಡ್ಡೆ ಮುಟ್ಟಿದ್ದು ನೋಡಿದ ಮೇಲೆ ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಗಂಗಕ್ಕ ಹಿಂದಿನಿಂದ ನನ್ನ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕೂರುವ ಹಾಗಿಲ್ಲವಲ್ಲ.

ಕೊಂಬೆ ಮುರಿಯಲಿಲ್ಲ. ಕಾಯಿ ಹೊತ್ತುಕೊಂಡು ಹಾಗೇ ಇತ್ತು. ನೋಡಲು ಬಂದವರಿಗೆ ಏನಾಯಿತು ಅಂತಲೇ ತಿಳಿಯಲಿಲ್ಲ. “ಏನೂ ಆಗ್ಲಿಲ್ವಲ್ಲೋ” ಅಂದ ಒಬ್ಬ. “ಏಮೀ ಲೇದು, ಪದಂಡ್ರಾ” ಅಂತ ತೆಲುಗಿನಲ್ಲಿ ಅಂದು ಸೊಣ್ಣೇಗೌಡ ಪಂಚೆ ಕೊಡವಿಕೊಂಡು ಹೊರಟ. ಏನೂ ಇಲ್ಲ, ನಡೀರಿ. ಎಲ್ಲರೂ ಅವನ ಹಿಂದೆ ಹೋದರು, ನನ್ನ ಹೋಟೆಲಿಗೇ, ನನ್ನ ಟಿ.ವಿ. ನೋಡಲು.

ಮುನಿಕೃಷ್ಣಪ್ಪ ಇಳಿದು ನನ್ನ ಹೆಗಲಿನಿಂದ ಟವೆಲ್ ತೆಗೆದುಕೊಂಡು ಮುಖ ಒರೆಸಿಕೊಂಡ. ಟವೆಲ್ ಹೋದದ್ದೇ ನನ್ನ ಬಾಯಿ ಬಿಚ್ಚಿತು. ಸೊಣ್ಣೇಗೌಡನ ಮನೆತನವನ್ನೆಲ್ಲ ಎತ್ತಿದೆ. ಅವನು ಆಡಿದ ಮಾತು ಏನು ಅಂತ ಹೇಳಿ, ಈಗಲೇ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿಯುತ್ತೇನೆ ಅಂದೆ. ಮುನಿಕೃಷ್ಣಪ್ಪ ಬೀಡಿ ಹಚ್ಚಿದ.

“ಅವ್ನು ಅಂದಿದ್ದು ನಿಜಾನೇ ಅಲ್ವಾ?”

“ಏನಣ್ಣ ನಿಜ?”

“ನಾನೂ ಅದಕ್ಕೇ ನೋಡೋದು. ಆ ಮರ ಕಡಿಯೋನು ಈಗ ಜಾರ್ತಾನೆ, ಈಗ ಜಾರ್ತಾನೆ ಅಂತಾನೇ ಕೂತಿರ್ತೀನಿ. ನೀನು?”

ನಾನೂ ಅದಕ್ಕೇ ನೋಡುತ್ತಿದ್ದೆ. ಆದರೆ ಅವರು ಯಾರೋ, ಎಲ್ಲಿನವರೋ. ಇವನು ನಮ್ಮ ಗೋಡೆಗೆ ಒರಗಿ ಕೂರುವವನು. ಅದನ್ನೇ ಹೇಳಿದೆ. ಅವನು ಹೊಗೆ ಬಿಟ್ಟು, “ಅವ್ರಿಗೂ ಒಂದು ಗೋಡೆ ಇರ್ತದೆ ಬಿಡು” ಅಂದ. ಅಲ್ಲಿಗೆ ನನ್ನ ಜಗಳವನ್ನು ಅವನು ಕಿತ್ತುಕೊಂಡ. ಹೋಟೆಲಿಗೆ ಬಂದರೆ ಸೊಣ್ಣೇಗೌಡ ಮುಂದಿನ ಬೆಂಚಿನಲ್ಲಿ ಕೂತಿದ್ದ, ಸಕ್ಕರೆ ಕಮ್ಮಿ ಅಂದ. ಕಮ್ಮಿ ಹಾಕಿ ಕೊಟ್ಟೆ.

ಆ ವರ್ಷದ ತೋಪು ಮುಗಿಯಿತು. ಪಲಮನೇರಿನ ಆಳು ಬರಲಿಲ್ಲ. ಯುಗಾದಿ ಹಿಂದಿನ ದಿನ ಕಡೆಯ ಮರ ಇಳಿದು ಟವೆಲ್ ತೆಗೆದುಕೊಳ್ಳುವಾಗ ಮುನಿಕೃಷ್ಣಪ್ಪ ಅಂದ: “ನಿಂಗೆ ಒಂದು ಬಾಕಿ ಆಯ್ತಲ್ಲೋ ಅಂಜಿನಪ್ಪ. ನೀನು ಹತ್ತು, ನಾನು ಕೆಳಗೆ ನಿಲ್ತೀನಿ.”

“ನನ್ನ ಹೊಟ್ಟೆ ನೋಡು. ಯಾವ ಮರ ಹೊರ್ತದೆ ನನ್ನ?”

“ಗಟ್ಟಿ ಮರ ನೋಡಿಡು.”

ಅಲ್ಲಿಂದ ಮುಂದೆ ಇದೇ ತಮಾಷೆ ಆಯಿತು. ಟಿ.ವಿ.ಯ ವೈರು ಸರಿ ಮಾಡಲು ನಾನು ಸ್ಟೂಲು ಹತ್ತಿದರೆ ಅವನು ಗೋಡೆ ಬಿಟ್ಟು ಎದ್ದು ಬಂದು, ಸ್ಟೂಲಿನ ಕಾಲುಗಳನ್ನೇ ನೋಡುತ್ತಾ, “ಆಡು” ಅನ್ನುತ್ತಿದ್ದ. ಬೆಂಚಿನವರೆಲ್ಲ ನಗುತ್ತಿದ್ದರು. “ಇದು ಲೆಕ್ಕಕ್ಕೆ ಬಂತೇನಣ್ಣ?” ಅಂದರೆ, “ಸ್ಟೂಲು ಮರದ್ದೇ, ಆದ್ರೆ ಮರ ಅಲ್ಲ” ಅನ್ನುತ್ತಿದ್ದ. ಇನ್ನೊಂದು ವರ್ಷವೂ ನಾನೇ ಕೂಗಿದೆ. ಆ ನಡುವಿನ ಮಳೆಗಾಲದಲ್ಲಿ ಜೋಡಿಮರದ ಆ ಕೊಂಬೆ ಯಾವುದೋ ಗಾಳಿಗೆ ಮುರಿದು ಬಿದ್ದಿತ್ತು. ಅದು ಬಿದ್ದದ್ದನ್ನು ಯಾರೂ ನೋಡಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡುತ್ತಾರೆ ಅಂತ ಸುದ್ದಿ ಬಂತು, ಆಮೇಲೆ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬಂತು, ಆಮೇಲೆ ಯಂತ್ರದ ಗರಗಸ ಬಂತು. ಟಿ.ವಿ.ಯಲ್ಲಿ ನೋಡಿದ ಹಾಗೇ ಇತ್ತು. ನೋಡಲು ಜನ ನಿಂತರು. ಮುನಿಕೃಷ್ಣಪ್ಪ ನಿಲ್ಲಲಿಲ್ಲ. ತಂಗಿಯನ್ನೂ ಹಸುವನ್ನೂ ಕರೆದುಕೊಂಡು ಮಾಸ್ತಿಯ ಹತ್ತಿರ ಮಗಳ ಊರಿಗೆ ಹೋದ. ಅಲ್ಲಿ ಅಳಿಯನಿಗೆ ಡೈರಿಗೆ ಹಾಲು ಹಾಕುವ ಕೆಲಸ, ಇವನು ಹುಲ್ಲು ಕೊಯ್ದುಕೊಡುತ್ತಿದ್ದ. ಒಂದೆರಡು ಸಲ ಫೋನು ಮಾಡಿದ. ಮರ ನೋಡಿಟ್ಟೆಯಾ ಅಂತ ಕೇಳಿದ. ಇಲ್ಲಿ ಮರವೇ ಇಲ್ಲ ಕಣಣ್ಣ ಅಂದೆ. ಹಾಗಾದ್ರೆ ಇಲ್ಲಿಗೇ ಬಾ, ಒಂದು ಬೇವಿನಮರ ಐತೆ ಅಂದ. ಬರ್ತೀನಿ ಅಂದೆ.

ಹೋಗಲಿಲ್ಲ. ಹೋಟೆಲನ್ನು ಹಿಂದಕ್ಕೆ ಸರಿಸಿ ಕಟ್ಟುವ ಗಲಾಟೆಯಲ್ಲಿದ್ದೆ. ಆ ಬೇಸಿಗೆಯಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡ.

ಸುದ್ದಿಯನ್ನು ನಾನೇ ಹೋಟೆಲಿನಲ್ಲಿ ಹೇಳಿದೆ. ಕೇಳಿದವರದೆಲ್ಲ ಒಂದೇ ಪ್ರಶ್ನೆ: “ಮರದಿಂದ ಬಿದ್ನಾ?” ಇಲ್ಲ, ಕಾಮಾಲೆ ಅಂದೆ. “ಓ, ಕಾಮಾಲೆನಾ” ಅಂದು ಸೊಣ್ಣೇಗೌಡ ಟಿ.ವಿ. ಕಡೆ ತಿರುಗಿದ. ಆಗಲೂ ನಾನು ಏನೂ ಅನ್ನಲಿಲ್ಲ. ಹೆಗಲ ಮೇಲೆ ಏನೂ ಇರಲಿಲ್ಲ, ಆದರೂ.

ತಿಥಿ ಕಳೆದ ಮೇಲೆ ಗಂಗಕ್ಕ ಬಸ್ಸಿನಲ್ಲಿ ಒಬ್ಬಳೇ ಬಂದಳು. ನಾನು ಹೊಸ ಹೋಟೆಲಿನ ಗೋಡೆಗೆ ಆನಿಸಿದ ಏಣಿಯ ಮೇಲೆ ನಿಂತು ಟಿ.ವಿ.ಯ ಡಿಶ್ ಕೊಡೆಯನ್ನು ತಿರುಗಿಸುತ್ತಿದ್ದೆ. ಕೆಳಗೆ ಏನೋ ಸರಿದ ಹಾಗಾಯಿತು. ನೋಡಿದರೆ ಅವಳು ಏಣಿಯ ಬುಡದಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನಲ್ಲ, ಮೆಟ್ಟಿಲುಗಳನ್ನು ನೋಡುತ್ತಿದ್ದಳು. ಇಳಿದು ಬಂದು ಕಿವಿ ಬಗ್ಗಿಸಿದೆ.

“ಅಣ್ಣ ಹೋಗೋ ಮುಂಚೆ ಹೇಳ್ದ. ಅಂಜಿನಪ್ಪಂಗೆ ನಂದೊಂದು ಬಾಕಿ ಉಳ್ಕೊಂಡೈತೆ ಅಂತ. ಅದಕ್ಕೇ ನಾನು ನಿಂತೆ” ಅಂದಳು.

“ಅದು ಅವನು ನಿಲ್ಬೇಕಾಗಿದ್ದು ಕಣಕ್ಕ, ನೀನಲ್ಲ” ಅಂದೆ. “ಬಾ, ಒಳಗೆ ಕೂತ್ಕೊ.”

ಅವಳು ಹಿಂದಿನ ಗೋಡೆಗೆ ಒರಗಿ ಕೂತಳು. ಟೀ ಕೊಟ್ಟೆ. ಬೋಂಡಾ ಕೊಟ್ಟೆ.